ಅಡಿಕೆ ಚಪ್ಪರದ ಕ್ಯಾಮೆರಾ ಯಾರ ಹತ್ತಿರ ಮಾತಾಡುತ್ತೆ?

ನಮ್ಮ ಮನೆ ತೀರ್ಥಹಳ್ಳಿ ಕಡೆ. ಸ್ವಲ್ಪ ಅಡಿಕೆ ತೋಟ ಇದೆ. ಹೋದ ವರ್ಷ ಕೊನೆ ಕೊಯ್ಲಿನ ಹೊತ್ತಿಗೆ ಪಕ್ಕದ ಊರಲ್ಲಿ ಚಪ್ಪರದ ಮೇಲೆ ಒಣಗಲು ಹರವಿದ್ದ ಅಡಿಕೆ ರಾತ್ರೋರಾತ್ರಿ ಮಾಯವಾಯಿತು. ಆ ವಾರವೇ ಅಪ್ಪಯ್ಯ ಎರಡು ವೈಫೈ ಕ್ಯಾಮೆರಾ ಹಾಕಿಸಿದರು. ಒಂದು ಚಪ್ಪರಕ್ಕೆ, ಇನ್ನೊಂದು ಗೇಟಿಗೆ. ಹಾಕಲು ಬಂದ ಹುಡುಗ ಅವರ ಫೋನಿಗೆ ಒಂದು ಆ್ಯಪ್ ಇಳಿಸಿಕೊಟ್ಟು ಹೋದ. ಈಗ ಶಿವಮೊಗ್ಗದ ಬಸ್ ಸ್ಟ್ಯಾಂಡಲ್ಲಿ ಕೂತು ಚಪ್ಪರ ನೋಡಬಹುದು. ಅಪ್ಪಯ್ಯನಿಗೆ ಖುಷಿಯೋ ಖುಷಿ.

ನಾನು ಬೆಂಗಳೂರಿನಿಂದ ರಜೆಗೆ ಹೋದಾಗ ಸುಮ್ನೆ ಕುತೂಹಲಕ್ಕೆ, ಮನೆಗೆ ಇಂಟರ್ನೆಟ್ ತರುವ ಫೈಬರ್ ಡಬ್ಬಿಯ ಸೆಟ್ಟಿಂಗ್ ತೆಗೆದು ನೋಡಿದೆ. ಹೊರಗಿನ ವಿಳಾಸ 100.72 ಅಂತ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕೊಡುವವರು ಬಹಳಷ್ಟು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಲು ಬಳಸುತ್ತಾರೆ. ಅಂದರೆ ನಮ್ಮ ಮನೆಗೆ ಸ್ವಂತ ವಿಳಾಸವೇ ಇಲ್ಲ. ಹೊರಗಿನಿಂದ ಯಾರೂ ನೇರವಾಗಿ ಒಳಗೆ ಬರುವ ಹಾಗಿಲ್ಲ.

ಹಾಗಾದರೆ ಬಸ್ ಸ್ಟ್ಯಾಂಡಲ್ಲಿ ಕೂತ ಅಪ್ಪಯ್ಯನಿಗೆ ಚಪ್ಪರ ಕಾಣುವುದು ಹೇಗೆ? ಕ್ಯಾಮೆರಾನೇ ಹೊರಗೆ ಯಾರಿಗೋ ಫೋನ್ ಹಚ್ಚಿ, ಇಡದೆ ಹಿಡಿದುಕೊಂಡಿರಬೇಕು. ಯಾರಿಗೆ, ದಿನಕ್ಕೆ ಎಷ್ಟು ಸಲ, ಏನು ಹೇಳುತ್ತೆ? ಅದನ್ನು ಕೇಳಿಸಿಕೊಳ್ಳಲು ಒಂದು ಪೆಟ್ಟಿಗೆ ಮಾಡೋಣ ಅಂತ ಹೊರಟೆ. ನಾಲ್ಕು ದಿನದ ರಜೆಗೆ ಸಾಕಾಗುವ ಕೆಲಸ ಅಂದುಕೊಂಡಿದ್ದೆ.

ಕೈಯಲ್ಲಿದ್ದ ಸಾಮಾನು: 2 ಜಿಬಿಯ ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್), ಹಳೆ ವೈಫೈ ರೌಟರ್ ಒಂದು, ಯುಎಸ್‌ಬಿಗೆ ಚುಚ್ಚುವ ನೆಟ್‌ವರ್ಕ್ ಅಡಾಪ್ಟರ್, ನಾಲ್ಕಾರು ಕೇಬಲ್. ತೋಟದ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂಡ ಇದೆ. ಆದರೆ ಅದಕ್ಕೆ ಅದರದೇ ಸಿಮ್, ಮನೆಯ ನೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ಪಟ್ಟಿಗೆ ಸೇರಿಸಲಿಲ್ಲ.

ಶನಿವಾರ: ಕೇಬಲ್ ತಪ್ಪು ತೂತಿಗೆ

ಪೈಯನ್ನು ಮನೆ ನೆಟ್ಟಿಗೆ ಸಿಕ್ಕಿಸಿ ನೆಟ್ಟಿನಲ್ಲಿ ಓಡಾಡುವ ಮಾತನ್ನು ಬರೆದುಕೊಳ್ಳುವ ಟಿಸಿಪಿಡಂಪ್ ಓಡಿಸಿದರೆ ಕ್ಯಾಮೆರಾದ ಮಾತು ಕೇಳುತ್ತೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕೇಳುವುದಿಲ್ಲ. ರೌಟರ್ ಒಳಗಿನ ಸ್ವಿಚ್ ಯಾರ ಪ್ಯಾಕೆಟ್ (ಮಾಹಿತಿಯ ತುಂಡು) ಅವರಿಗೆ ಮಾತ್ರ ಕೊಡುತ್ತೆ, ಪಕ್ಕದವರಿಗೆ ತೋರಿಸುವುದಿಲ್ಲ. ಎಲ್ಲ ಮಾತಿನ ನಕಲನ್ನು ಒಂದು ತೂತಿಗೆ ಕೊಡುವ ಸ್ವಿಚ್ ಸಿಗುತ್ತೆ, ಆದರೆ ಅದು ಕೇಳಲು ಮಾತ್ರ. ನನಗೆ ಬೇಕೆಂದರೆ ತಡೆಯಲೂ ಬೇಕಿತ್ತು. ಹಾಗಾಗಿ ಪೈಯನ್ನು ದಾರಿ ಮಧ್ಯೆಯೇ ಕೂರಿಸಿದೆ. ಒಂದು ಕಾಲು ಫೈಬರ್ ಡಬ್ಬಿಯಲ್ಲಿ, ಇನ್ನೊಂದು ಕಾಲು ಹಳೆ ರೌಟರಿನಲ್ಲಿ. ಕ್ಯಾಮೆರಾಗಳು ಹಳೆ ರೌಟರಿನ ವೈಫೈಗೆ ಮಾತ್ರ. ಹೊರಗೆ ಹೋಗಬೇಕೆಂದರೆ ಪೈ ದಾಟಿಯೇ ಹೋಗಬೇಕು.

ಪೈಯ ಸ್ವಂತ ವೈಫೈ ಸಾಲದೇ ಅಂತ ಮೊದಲು ನೋಡಿದೆ. ಜಂಬಿಟ್ಟಿಗೆ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸತ್ತೇ ಹೋಯಿತು.

ಆಮೇಲೆ ಆದದ್ದು ನನ್ನದೇ ಪೆದ್ದುತನ. ಎರಡು ಕ್ಯಾಮೆರಾ ಸೇರಿಸಿದೆ, ಜತೆಗೆ ನನ್ನ ಲ್ಯಾಪ್‌ಟಾಪ್. ಪೈಯಲ್ಲಿ ನೋಡಿದರೆ ಮೂರೂ ಒಂದೇ ವಿಳಾಸದಿಂದ ಬರುತ್ತಿವೆ. ಯಾವುದು ಚಪ್ಪರ, ಯಾವುದು ಗೇಟು ಗೊತ್ತೇ ಆಗುವುದಿಲ್ಲ. ಒಂದು ಗಂಟೆ ಪೈಯ ಸೆಟ್ಟಿಂಗ್ ಎಲ್ಲ ಕೆದಕಿದೆ. ಕೊನೆಗೆ ಎದ್ದು ಹೋಗಿ ರೌಟರಿನ ಹಿಂಭಾಗ ನೋಡಿದರೆ ಕೇಬಲ್ ನೀಲಿ ತೂತಿನಲ್ಲಿದೆ. ಅದು ಇಂಟರ್ನೆಟ್ ಬರುವ ತೂತು. ಅಲ್ಲಿ ಚುಚ್ಚಿದರೆ ರೌಟರ್ ತಾನೇ ಯಜಮಾನ ಆಗಿ, ಹಿಂದಿರುವ ಎಲ್ಲರನ್ನೂ ತನ್ನ ಹೆಸರಿನಲ್ಲೇ ಕಳಿಸುತ್ತೆ. ಕೇಬಲ್ಲನ್ನು ಪಕ್ಕದ ಹಳದಿ ತೂತಿಗೆ ಬದಲಿಸಿ, ರೌಟರಿನ ಡಿಎಚ್‌ಸಿಪಿ ಆಫ್ ಮಾಡಿದೆ. ಅದು ಮಾಡುತ್ತಿದ್ದ ವಿಳಾಸ ಹಂಚುವ ಕೆಲಸವನ್ನು ಪೈಯ ಡಿಎನ್‌ಎಸ್‌ಮಾಸ್ಕ್ ಅನ್ನುವ ತಂತ್ರಾಂಶಕ್ಕೆ ಕೊಟ್ಟೆ. ಚಪ್ಪರಕ್ಕೆ 10.20.0.11, ಗೇಟಿಗೆ 10.20.0.12. ಈಗ ಇಬ್ಬರೂ ಬೇರೆ ಬೇರೆ ಕಂಡರು.

ರೌಟರಿನಲ್ಲಿ ಒಂದು ಕ್ಲಯಂಟ್ ಇನ್ನೊಂದು ಕ್ಲಯಂಟನ್ನು ಮುಟ್ಟದ ಹಾಗೆ ಮಾಡುವ ಆಯ್ಕೆ ಇತ್ತು. ಅದನ್ನೂ ಆನ್ ಮಾಡಿದೆ. ಒಂದೇ ವೈಫೈಯಲ್ಲಿರುವ ಎರಡು ಕ್ಯಾಮೆರಾ ತಮ್ಮತಮ್ಮಲ್ಲೇ ಮಾತಾಡಿದರೆ ಅದು ಪೈಗೆ ಬರುವುದೇ ಇಲ್ಲ. ಹಾಗಾಗಿ ಬೇಕು.

ಕ್ಯಾಮೆರಾಗಳನ್ನು ಹೊಸ ವೈಫೈಗೆ ಸೇರಿಸಲು ಏಣಿ ಹತ್ತಿ ಪಿನ್ನಿನಲ್ಲಿ ರೀಸೆಟ್ ಒತ್ತಬೇಕಾಯಿತು. ಅಪ್ಪಯ್ಯ ಏಣಿ ಹಿಡಿದು ನಿಂತಿದ್ದರು.

"ಅಡಿಕೆ ಕಾಯೋಕೆ ಕ್ಯಾಮೆರಾ ಹಾಕ್ಸಿದ್ದಾಯ್ತು. ಈಗ ಕ್ಯಾಮೆರಾ ಕಾಯೋಕೆ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಕಾಯೋದು ಯಾರು ಮಾರಾಯ?"

"ಅದು ನಂದೇ ಅಲ್ವಾ ಅಪ್ಪಯ್ಯ, ಅದಕ್ಕೇನೂ ಆಗಲ್ಲ" ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಸಂಜೆ ಚಪ್ಪರದ ಕ್ಯಾಮೆರಾಕ್ಕೆ ಎನ್‌ಮ್ಯಾಪ್ ಬಿಟ್ಟೆ. ಯಾವ ಬಾಗಿಲು, ಅಂದರೆ ಪೋರ್ಟ್, ತೆರೆದಿದೆ ಅಂತ ಒಂದೊಂದೇ ತಟ್ಟಿ ನೋಡುವ ಸಾಧನ ಅದು. 80 ತೆರೆದಿತ್ತು, ಅದು ಸೆಟ್ಟಿಂಗ್ ಪುಟ. 554 ತೆರೆದಿತ್ತು, ಅದು ವಿಡಿಯೊ. ಇವೆರಡೂ ನಿರೀಕ್ಷೆ ಇದ್ದವು. ಮೂರನೆಯದು 23. ಟೆಲ್ನೆಟ್! ದೂರದಿಂದ ಲಾಗಿನ್ ಆಗಿ ಆಜ್ಞೆ ಕೊಡುವ ಹಳೆ ದಾರಿ. ಸೆಟ್ಟಿಂಗ್ ಪುಟದಲ್ಲಿ ಎಲ್ಲಿ ಹುಡುಕಿದರೂ ಅದನ್ನು ಮುಚ್ಚುವ ಗುಂಡಿ ಇಲ್ಲ. ಸೆಟ್ಟಿಂಗ್ ಪುಟಕ್ಕೆ ಹೋಗಲು ಅಡ್ಮಿನ್ ಅಂತ ಹೊಡೆದು, ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟರೆ ಸಾಕು. ಹಾಕಿದ ಹುಡುಗ ಬದಲಿಸಿರಲಿಲ್ಲ, ಬದಲಿಸಲು ಆ್ಯಪ್ ಕೇಳಿಯೂ ಇರಲಿಲ್ಲ.

23 ಅಂದ ಕೂಡಲೇ ನನಗೆ 2016 ನೆನಪಾಗುತ್ತೆ. ಮಿರಾಯ್ ಅನ್ನುವ ಮಾಲ್‌ವೇರ್ ಬಂದ ವರ್ಷ. ಅದು ಮಾಡಿದ್ದು ಬಹಳ ಸರಳ. ಸಿಕ್ಕ ಸಿಕ್ಕ ವಿಳಾಸದ 23 ಮತ್ತು 2323ನೇ ಪೋರ್ಟ್ ತಟ್ಟುವುದು. ತೆರೆದರೆ ಕಾರ್ಖಾನೆಯಲ್ಲೇ ಇಟ್ಟಿರುವ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹೊಡೆದು ನೋಡುವುದು. ಅಷ್ಟರಿಂದಲೇ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ (ವಿಡಿಯೊ ದಾಖಲಿಸುವ ಡಬ್ಬಿ), ರೌಟರ್ ಅದರ ಕೈಗೆ ಬಂದವು. ಅಕ್ಟೋಬರ್ 21ರಂದು ಅವೆಲ್ಲ ಸೇರಿ ಡೈನ್ ಅನ್ನುವ, ಸೈಟುಗಳ ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಎಲ್ಲ ಗಂಟೆಗಟ್ಟಲೆ ತಡವರಿಸಿದವು. ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಮಿರಾಯ್ ಹೋಗುತ್ತಿತ್ತು, ಏಕೆಂದರೆ ಅದು ಇದ್ದದ್ದು ಮೆಮೊರಿಯಲ್ಲಿ ಮಾತ್ರ. ಪಾಸ್‌ವರ್ಡ್ ಬದಲಿಸದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹತ್ತಿಕೊಳ್ಳುತ್ತಿತ್ತು.

ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿದೆ. ಫೈಬರ್ ಡಬ್ಬಿಯಲ್ಲಿ ಯುಪಿಎನ್‌ಪಿ ಆಫ್ ಮಾಡಿದೆ. ಒಳಗಿರುವ ಯಾವ ಸಾಧನ ಬೇಕಾದರೂ "ನನಗೊಂದು ಬಾಗಿಲು ತೆಗಿ" ಅಂದ ಕೂಡಲೇ ರೌಟರ್ ತೆಗೆದುಕೊಡುವ ಏರ್ಪಾಡು ಅದು. ಮನೆಯಲ್ಲಿ ಯಾರಿಗೂ ಅದರ ಅಗತ್ಯ ಇಲ್ಲ. ಬೇರೆ ಏನನ್ನೂ ತಡೆಯದೆ, ರಾತ್ರಿ ಪೂರ್ತಿ ಕೇಳಿಸಿಕೊಳ್ಳಲಿ ಅಂತ ಪೈಯನ್ನು ಬಿಟ್ಟು ಮಲಗಿದೆ.

ಸೋಮವಾರ: ಕೇಳಿಸಿದ್ದು

41 ಗಂಟೆ ಆದ ಮೇಲೆ ಲೆಕ್ಕ ತೆಗೆದೆ. ಈ ನಡುವೆ ಯಾರೂ ಆ್ಯಪ್ ತೆಗೆದು ನೋಡಬಾರದು ಅಂತ ಮನೆಯವರಿಗೆ ಹೇಳಿದ್ದೆ. ಅಮ್ಮ ಒಪ್ಪಿದರು. ಅಪ್ಪಯ್ಯ ಕಷ್ಟಪಟ್ಟು ಒಪ್ಪಿದರು.

ಚಪ್ಪರದ ಕ್ಯಾಮೆರಾ ಹೊರಗೆ ಕಳಿಸಿದ್ದು ಒಟ್ಟು ಸುಮಾರು 10 ಎಂಬಿ. ಮೊದಲು ಸಮಾಧಾನ ಆಯಿತು. ಈ ಕ್ಯಾಮೆರಾದ ವಿಡಿಯೊ ಸೆಕೆಂಡಿಗೆ 2 ಮೆಗಾಬಿಟ್. ಹಗಲೂ ರಾತ್ರಿ ಕದ್ದು ಕಳಿಸುತ್ತಿದ್ದರೆ ದಿನಕ್ಕೆ 21 ಜಿಬಿ ದಾಟಬೇಕು. 10 ಎಂಬಿ ಅಂದರೆ 40 ಸೆಕೆಂಡಿನ ವಿಡಿಯೊ. ಹಾಗಾಗಿ ಯಾರೋ ಎಲ್ಲೋ ಕೂತು ನಮ್ಮ ಚಪ್ಪರವನ್ನು ನೋಡುತ್ತಿದ್ದಾರೆ ಅನ್ನುವ ಕಥೆ ಅಲ್ಲ ಇದು.

ಆದರೆ ಆ 10 ಎಂಬಿಯಲ್ಲಿ ಏನಿತ್ತು ಅನ್ನುವುದು ಸ್ವಾರಸ್ಯ.

ಅರ್ಧಕ್ಕಿಂತ ಜಾಸ್ತಿ ಫೋಟೊಗಳು. ಕ್ಯಾಮೆರಾದ ಮುಂದೆ ಏನಾದರೂ ಅಲುಗಾಡಿದರೆ ಒಂದು ಸಣ್ಣ ಚಿತ್ರ ತೆಗೆದು ಕಂಪನಿಯ ಸರ್ವರಿಗೆ ಕಳಿಸುತ್ತೆ, ಅಲ್ಲಿಂದ ಅಪ್ಪಯ್ಯನ ಫೋನಿಗೆ ಸೂಚನೆ ಬರುತ್ತೆ. ನಾವು ಕ್ಲೌಡ್ ಸಂಗ್ರಹಕ್ಕೆ ದುಡ್ಡು ಕಟ್ಟಿಲ್ಲ, ಆ್ಯಪಿನಲ್ಲಿ ಅದು ಆಫ್ ಅಂತಲೇ ತೋರಿಸುತ್ತೆ. ಚಿತ್ರ ಮಾತ್ರ ಹೋಗುತ್ತಲೇ ಇತ್ತು. ಅದೂ ಯಾವ ಮುಚ್ಚಳವೂ ಇಲ್ಲದೆ, ಸಾದಾ 80ನೇ ಪೋರ್ಟಿನಲ್ಲಿ. ಸೆರೆಹಿಡಿದ ಫೈಲಿನಿಂದ ಒಂದು ಚಿತ್ರ ಹೊರತೆಗೆದೆ. ನಮ್ಮ ನಾಯಿ ಚಪ್ಪರದ ಕೆಳಗೆ ಮೈ ಕೆರೆದುಕೊಳ್ಳುತ್ತಿತ್ತು. ಮುಂದಿನದರಲ್ಲಿ ಬಾವಲಿ. ಅದರ ಮುಂದಿನದರಲ್ಲಿ ಅಮ್ಮ, ಬೆಳಗ್ಗೆ ಐದೂವರೆಗೆ, ತಲೆಗೆ ಶಾಲು ಸುತ್ತಿಕೊಂಡು ಕೊಟ್ಟಿಗೆ ಕಡೆ ಹೋಗುತ್ತಿದ್ದರು. ಅದನ್ನು ನೋಡಿದ ಮೇಲೆ ನಗು ನಿಂತಿತು.

ಇನ್ನೊಂದು, ಮಿಡಿತ. 25 ಸೆಕೆಂಡಿಗೊಮ್ಮೆ ಮೂರು ಬೇರೆ ಬೇರೆ ಸರ್ವರುಗಳಿಗೆ ಒಂದು ಚಿಕ್ಕ ಯುಡಿಪಿ ಪ್ಯಾಕೆಟ್ (ಮೊದಲು ಸಂಪರ್ಕ ಮಾಡಿಕೊಳ್ಳದೆ ನೇರ ಕಳಿಸುವ ಬಗೆ). ಒಬ್ಬೊಬ್ಬರಿಗೆ ದಿನಕ್ಕೆ 3,456 ಸಲ. 25 ಯಾಕೆ? ರೌಟರ್ ಹೊರಗೆ ಹೋದ ಯುಡಿಪಿ ಪ್ಯಾಕೆಟ್ಟಿನ ನೆನಪನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಉತ್ತರ ಬರದಿದ್ದರೆ ಲಿನಕ್ಸ್ ಓಡುವ ರೌಟರ್ ಸಾಮಾನ್ಯವಾಗಿ 30 ಸೆಕೆಂಡಿಗೆ ಮರೆತುಬಿಡುತ್ತೆ. ಮರೆಯುವ ಮೊದಲೇ ಮತ್ತೊಂದು ಕಳಿಸಿದರೆ ದಾರಿ ತೆರೆದೇ ಇರುತ್ತೆ. ಆ ದಾರಿಯಲ್ಲೇ ಬಸ್ ಸ್ಟ್ಯಾಂಡಿನ ಅಪ್ಪಯ್ಯ ಒಳಗೆ ಬರುವುದು. ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆ ಪ್ಯಾಕೆಟ್ಟನ್ನು ಅಕ್ಷರವಾಗಿ ತೆರೆದು ನೋಡಿದೆ. ಬಹುಪಾಲು ಗಜಿಬಿಜಿ, ಮಧ್ಯದಲ್ಲಿ ಮಾತ್ರ ಓದಲು ಬರುವ ಹದಿನಾರು ಅಂಕಿ-ಅಕ್ಷರ. ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಎದ್ದು ಗೇಟಿನ ಹತ್ತಿರ ಹೋದೆ. ಹಾಕಿದ ಹುಡುಗ ಕ್ಯಾಮೆರಾ ಪೆಟ್ಟಿಗೆಯ ಸ್ಟಿಕ್ಕರುಗಳನ್ನು ಕಿತ್ತು, ಕಳೆದುಹೋಗದಿರಲಿ ಅಂತ ಗೇಟಿನ ಕಂಬದ ಸ್ವಿಚ್ ಬಾಕ್ಸಿಗೆ ಅಂಟಿಸಿದ್ದ. ಎರಡು ಕ್ಯಾಮೆರಾ, ಎರಡು ಸ್ಟಿಕ್ಕರ್. ಅದೇ ಹದಿನಾರು. ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ, ಪಾಸ್‌ವರ್ಡ್ ಖಾಲಿ ಬಿಟ್ಟರೆ ಶನಿವಾರದ ತನಕ ಯಾರು ಬೇಕಾದರೂ ನಮ್ಮ ಚಪ್ಪರ ನೋಡಬಹುದಿತ್ತು. ಅಡಿಕೆ ಎಷ್ಟಿದೆ, ಮನೆಯಲ್ಲಿ ಯಾರಿಲ್ಲ, ಎಲ್ಲ. ಸ್ಟಿಕ್ಕರನ್ನು ಉಗುರಲ್ಲಿ ಕೆರೆದು ತೆಗೆದೆ.

ಸಂಜೆ ಎನ್‌ಎಫ್‌ಟೇಬಲ್ಸಿನಲ್ಲಿ ನಿಯಮ ಬರೆದೆ. ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಹೇಳುವ ಲಿನಕ್ಸಿನ ಫೈರ್‌ವಾಲ್ ಅದು. ಕ್ಯಾಮೆರಾ ಜಾಲದಿಂದ ಹೊರಗೆ ಹೋಗುವುದೆಲ್ಲ ಬಂದ್. ಒಳಗಿನಿಂದ ಪೈಯ ಡಿಎನ್‌ಎಸ್ ಕೇಳಬಹುದು, ಪೈಯ ಗಡಿಯಾರ ಕೇಳಬಹುದು, ಅಷ್ಟೇ. ಒಂದು ಕ್ಯಾಮೆರಾ ನಾನು ಕೊಟ್ಟ ಡಿಎನ್‌ಎಸ್ ಬಿಟ್ಟು ತನ್ನ ಪಾಡಿಗೆ ಗೂಗಲ್‌ನ 8.8.8.8ಅನ್ನೇ ಕೇಳುತ್ತಿತ್ತು. 53ನೇ ಪೋರ್ಟಿಗೆ, ಅಂದರೆ ಡಿಎನ್‌ಎಸ್‌ಗೆ, ಹೋಗುವ ಎಲ್ಲವನ್ನೂ ಪೈ ಕಡೆ ತಿರುಗಿಸಿದೆ. ಅದಕ್ಕೆ ವ್ಯತ್ಯಾಸವೇ ಗೊತ್ತಾಗಲಿಲ್ಲ. 123ನೇ ಪೋರ್ಟ್, ಅಂದರೆ ಸಮಯ ಕೇಳುವುದನ್ನೂ ಹೀಗೇ ತಿರುಗಿಸಿ ಪೈಯಲ್ಲಿ ಕ್ರೋನಿ ಅನ್ನುವ ಗಡಿಯಾರ ತಂತ್ರಾಂಶ ಹಾಕಿದೆ. ಇದನ್ನು ಮರೆತರೆ ಕರೆಂಟ್ ಹೋಗಿ ಬಂದ ಮೇಲೆ ಕ್ಯಾಮೆರಾ 1970ನೇ ಇಸವಿಗೆ ಹೋಗಿಬಿಡುತ್ತೆ. ಕಳ್ಳ ಬಂದದ್ದು 1970ರ ಜನವರಿ 1ಕ್ಕೆ ಅಂತ ಪೊಲೀಸರಿಗೆ ತೋರಿಸಲು ಆಗುತ್ತಾ?

ಅವತ್ತು ರಾತ್ರಿ ಎರಡು ಗಂಟೆಗೆ ಅಮ್ಮ ಎಬ್ಬಿಸಿದರು. ಚಪ್ಪರದ ಹತ್ತಿರ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾಳೆ ಅಂತ. ಟಾರ್ಚ್ ಹಿಡಿದು ಹೋದೆವು. ಕ್ಯಾಮೆರಾ! ಸರ್ವರ್ ಸಿಗದ ಕಾರಣ ಹತ್ತು ನಿಮಿಷಕ್ಕೊಮ್ಮೆ "ನೆಟ್‌ವರ್ಕ್ ಕನೆಕ್ಷನ್ ಫೇಲ್ಡ್" ಅಂತ ಹೇಳುತ್ತಿತ್ತು. ಸ್ಪೀಕರ್ ದನಿ ಸೊನ್ನೆಗೆ ಇಳಿಸಿ ಮಲಗಿದೆ. ಅಪ್ಪಯ್ಯ ಮಾತ್ರ ಹಾಗೇ ಬಿಡು, ಕಳ್ಳರು ಹೆದರಲಿ ಅಂದರು.

ಮಂಗಳವಾರ: ಗುಡ್ಡದ ಮೇಲಿನ ಪರೀಕ್ಷೆ

ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಿಂದಿನ ಗುಡ್ಡ ಹತ್ತಿದರೆ 4ಜಿ ಸಿಗುತ್ತೆ. ಹೊರಗಿನಿಂದ ನೋಡಿದರೆ ನಮ್ಮ ಮನೆ ಹೇಗೆ ಕಾಣುತ್ತೆ ಅಂತ ಪರೀಕ್ಷೆ ಮಾಡಬೇಕಿತ್ತು. ಹತ್ತುವ ಮೊದಲು ಪೈಯ ವಿಳಾಸಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಒಂದು 192.168ರ ವಿಳಾಸ. ಜತೆಗೆ ಹೊಸ ತಲೆಮಾರಿನ, ಉದ್ದನೆಯ ಐಪಿವಿ6 ವಿಳಾಸ.

ಹೊರಗಿನಿಂದ ಯಾರೂ ಒಳಗೆ ಬರುವ ಹಾಗಿಲ್ಲ ಅಂತ ಮೊದಲೇ ಬರೆದೆನಲ್ಲ, ಅದು ಅರ್ಧ ಸತ್ಯ. ಒಂದೇ ವಿಳಾಸದ ಹಿಂದೆ ಎಲ್ಲರನ್ನೂ ಕೂರಿಸುವ ಏರ್ಪಾಡು ಹಳೆ ಐಪಿವಿ4ಕ್ಕೆ ಮಾತ್ರ. ಐಪಿವಿ6ರಲ್ಲಿ ಪ್ರತಿ ಸಾಧನಕ್ಕೂ ಜಗತ್ತಿಗೇ ಕಾಣುವ ಸ್ವಂತ ವಿಳಾಸ. ಅದನ್ನು ಕಾಯಬೇಕಾದದ್ದು ಫೈಬರ್ ಡಬ್ಬಿಯ ಫೈರ್‌ವಾಲ್. ನಮ್ಮ ಡಬ್ಬಿಯಲ್ಲಿ ಆ ಫೈರ್‌ವಾಲ್ ಆಫ್ ಇತ್ತು.

ಕ್ಯಾಮೆರಾಗಳಿಗೆ ತೊಂದರೆ ಇರಲಿಲ್ಲ. ಅವು ಪೈಯ ಹಿಂದಿವೆ, ಪೈ ಅವಕ್ಕೆ ಐಪಿವಿ6 ಕೊಡುವುದಿಲ್ಲ. ಗುಡ್ಡದ ಮೇಲೆ ಕಲ್ಲಿನ ಮೇಲೆ ಕೂತು ಫೋನಿನಿಂದ ಪೈಯ ಉದ್ದ ವಿಳಾಸಕ್ಕೆ ಎಸ್‌ಎಸ್‌ಎಚ್ ಹೊಡೆದೆ. ದೂರದಿಂದ ಲಾಗಿನ್ ಆಗುವ ದಾರಿ ಅದು. ಸಿಗಬಾರದು ಅಂತಲೇ ಹೊಡೆದದ್ದು. ಲಾಗಿನ್ ಕೇಳಿತು. ಪೈ ಅಂತ ಹಾಕಿದೆ. ಪಾಸ್‌ವರ್ಡ್ ಕೇಳಿತು. ರಾಸ್ಪ್‌ಬೆರಿ ಅಂತ ಹಾಕಿದೆ.

ಒಳಗೆ ಬಂದೆ.

ನಾನು ಹಾಕಿದ್ದ ಮೆಮೊರಿ ಕಾರ್ಡ್ ವರ್ಷಗಳ ಹಿಂದೆ ಯಾವುದೋ ಪ್ರಯೋಗಕ್ಕೆ ಮಾಡಿಟ್ಟದ್ದು. ಡ್ರಾಯರಿನಲ್ಲಿತ್ತು, ಚುಚ್ಚಿದೆ, ಓಡಿತು, ಕೆಲಸ ಶುರು ಮಾಡಿದೆ. ಆಗಿನ ರಾಸ್ಪ್‌ಬೆರಿ ಪೈ ಕಾರ್ಡುಗಳಲ್ಲಿ ಹೆಸರು ಪೈ, ಪಾಸ್‌ವರ್ಡ್ ರಾಸ್ಪ್‌ಬೆರಿ, ಎಲ್ಲರಿಗೂ ಒಂದೇ. 2022ರ ಏಪ್ರಿಲಿನಲ್ಲಿ ಅವರು ಅದನ್ನು ತೆಗೆದುಹಾಕಿ, ಮೊದಲ ಸಲ ಆನ್ ಮಾಡುವಾಗಲೇ ಸ್ವಂತ ಹೆಸರು-ಪಾಸ್‌ವರ್ಡ್ ಕೇಳುವ ಹಾಗೆ ಮಾಡಿದರು. ನನ್ನ ಕಾರ್ಡ್ ಅದಕ್ಕೂ ಹಳೆಯದು. ನಾನು ಬರೆದ ನಿಯಮಗಳು ಕಾಪಾಡಬೇಕಿತ್ತಲ್ಲ ಅಂದರೆ, ಅವನ್ನು ಬರೆದದ್ದು ಐಪಿ ಅನ್ನುವ ಟೇಬಲ್ಲಿನಲ್ಲಿ. ಅದು ಐಪಿವಿ4ಕ್ಕೆ ಮಾತ್ರ. ಎರಡಕ್ಕೂ ಸೇರಿ ಇರುವುದು ಐನೆಟ್ ಟೇಬಲ್. ಒಂದು ಪದದ ವ್ಯತ್ಯಾಸ.

ಈ ಪೆಟ್ಟಿಗೆಯಲ್ಲಿ ಏನಿತ್ತು ಯೋಚನೆ ಮಾಡಿ. ಎರಡೂ ಕ್ಯಾಮೆರಾದ ಹೊಸ ಪಾಸ್‌ವರ್ಡ್, 41 ಗಂಟೆಯ ಪೂರ್ತಿ ದಾಖಲೆ, ಐದೂವರೆಗೆ ಕೊಟ್ಟಿಗೆಗೆ ಹೋಗುವ ಅಮ್ಮ. ಮೂರು ದಿನ ಕ್ಯಾಮೆರಾಕ್ಕೆ ಬೈದೆ. ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ನನ್ನದೇ ಪೆಟ್ಟಿಗೆ ಇತ್ತು. ಗುಡ್ಡದಿಂದ ಇಳಿದದ್ದಕ್ಕಿಂತ ಓಡಿದ್ದೇ ಜಾಸ್ತಿ.

ಲಾಗಿನ್ ದಾಖಲೆ ನೋಡಿದೆ. ನನ್ನದು ಬಿಟ್ಟು ಬೇರೆ ಪ್ರಯತ್ನ ಇರಲಿಲ್ಲ. ಐಪಿವಿ6 ವಿಳಾಸಗಳು ಲೆಕ್ಕಕ್ಕೆ ಸಿಗದಷ್ಟು ಇರುವುದರಿಂದ ಐಪಿವಿ4ರ ಹಾಗೆ ಒಂದೊಂದೇ ತಟ್ಟಿಕೊಂಡು ಬರಲು ಆಗುವುದಿಲ್ಲ. ಬಚಾವಾದದ್ದು ಅದರಿಂದ, ನನ್ನ ಜಾಣತನದಿಂದ ಅಲ್ಲ.

ಹಳೆ ಕಾರ್ಡನ್ನು ಅಳಿಸಿ, ರಾಸ್ಪ್‌ಬೆರಿ ಪೈ ಓಎಸ್‌ನ 64 ಬಿಟ್ಟಿನ ಲೈಟ್ ಆವೃತ್ತಿ ಹಾಕಿ ಮೊದಲಿಂದ ಶುರು ಮಾಡಿದೆ. ಈ ಸಲ ಕ್ರಮ ಉಲ್ಟಾ. ಮೊದಲು ಪೆಟ್ಟಿಗೆಯನ್ನು ಭದ್ರ ಮಾಡುವುದು, ಆಮೇಲೆ ಕೇಳಿಸಿಕೊಳ್ಳುವ ಕೆಲಸ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ದಾರಿಯೇ ಇಲ್ಲ, ನನ್ನ ಲ್ಯಾಪ್‌ಟಾಪಿನ ಕೀ (ಬೀಗದ ಕೈಯಂಥ ಫೈಲ್) ಇದ್ದರೆ ಮಾತ್ರ. ನಿಯಮಗಳೆಲ್ಲ ಐನೆಟ್ ಟೇಬಲ್ಲಿನಲ್ಲಿ, ಒಳಬರುವುದೆಲ್ಲ ಬಂದ್ ಅಂತಲೇ ಶುರು, ಬೇಕಾದ್ದನ್ನು ಮಾತ್ರ ತೆಗೆಯುವುದು. ಐಪಿವಿ6ಕ್ಕೆ ಬೇಕಾಗುವ ಐಸಿಎಂಪಿ ಅನ್ನುವ ಸಂದೇಶಗಳನ್ನು ಮಾತ್ರ ಒಳಗೆ ಬಿಡಬೇಕು, ಅದನ್ನೂ ಬಂದ್ ಮಾಡಿದರೆ ವಿಳಾಸವೇ ಸಿಗುವುದಿಲ್ಲ. ಭದ್ರತಾ ಅಪ್‌ಡೇಟುಗಳು ತಾವಾಗೇ ಇಳಿಯಲಿ. ದಾಖಲೆಯಲ್ಲಿ ಇನ್ನು ಮುಂದೆ ಪ್ಯಾಕೆಟ್ಟಿನ ಮೊದಲ 96 ಬೈಟ್ ಮಾತ್ರ. ಯಾರಿಂದ ಯಾರಿಗೆ ಅಂತ ತಿಳಿಯಲು ಅಷ್ಟು ಸಾಕು, ಚಿತ್ರ ಅದರಲ್ಲಿ ಉಳಿಯುವುದಿಲ್ಲ. 14 ದಿನ ಆದ ಮೇಲೆ ಅಳಿಸಿಹೋಗಲಿ. ಡಬ್ಬಿಯ ಐಪಿವಿ6 ಫೈರ್‌ವಾಲ್ ಕೂಡ ಆನ್.

ಮತ್ತೆ ಗುಡ್ಡ ಹತ್ತಿದೆ. ಎಸ್‌ಎಸ್‌ಎಚ್ ಹೊಡೆದೆ. ಸುಮ್ಮನೆ ಕೂತಿತು, ಉತ್ತರವೇ ಇಲ್ಲ.

ಊಟದ ಹೊತ್ತಿಗೆ ಅಪ್ಪಯ್ಯ ಮೆಲ್ಲಗೆ ಕೇಳಿದರು. "ಅಲ್ಲಾ, ಈ ಪೆಟ್ಟಿಗೇಲಿ ನಾವು ಫೋನಲ್ಲಿ ಏನೇನು ನೋಡ್ತೀವಿ ಅಂತಾನೂ ಕಾಣುತ್ತಾ?" ಇಲ್ಲ ಅಂದೆ. ಮನೆಯ ಫೋನುಗಳು ಡಬ್ಬಿಯ ವೈಫೈಯಲ್ಲೇ ಇವೆ, ಪೈ ದಾಟುವುದಿಲ್ಲ. ಅದನ್ನು ಬೇಕೆಂದೇ ಹಾಗೆ ಮಾಡಿದ್ದು. ಯಾರು ಯಾವ ಹೊತ್ತಿಗೆ ಯಾವ ಸೈಟ್ ನೋಡಿದರು ಅಂತ ಡಿಎನ್‌ಎಸ್ ದಾಖಲೆ ನೋಡಿದರೆ ತಿಳಿದುಬಿಡುತ್ತೆ. ಮನೆಯವರ ಮೇಲೆ ಅಂಥದ್ದನ್ನು ಇಡುವುದು ನನಗೆ ಸರಿ ಕಾಣಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಚಪ್ಪರ, ಮತ್ತೆ

ಕ್ಲೌಡ್ ಬಂದ್ ಆದ ಮೇಲೆ ಕಂಪನಿಯ ಆ್ಯಪ್ ಸತ್ತಿತು. ಅಪ್ಪಯ್ಯನಿಗೆ ಬೇರೆ ದಾರಿ ಕೊಡಲೇಬೇಕು. ಮನೆಗೆ ಹೊರಗಿನಿಂದ ಬರಲು ಐಪಿವಿ4 ದಾರಿ ಇಲ್ಲ, ಐಪಿವಿ6 ಎಲ್ಲ ಕಡೆ ಸಿಗುವ ನಂಬಿಕೆ ಇಲ್ಲ. ಹಾಗಾಗಿ ತಿಂಗಳಿಗೆ ನಾನೂರು ಚಿಲ್ಲರೆಯ ಒಂದು ಬಾಡಿಗೆ ಸರ್ವರ್ ತೆಗೆದುಕೊಂಡೆ. ಪೈ ಅಲ್ಲಿಗೆ ವೈರ್‌ಗಾರ್ಡ್ ಸುರಂಗ (ಹೊರಗಿನವರಿಗೆ ಓದಲು ಬಾರದ ವಿಪಿಎನ್ ದಾರಿ) ಕೊರೆದುಕೊಂಡು ಹೋಗುತ್ತೆ. ಅಪ್ಪಯ್ಯನ ಫೋನ್ ಕೂಡ ಅಲ್ಲಿಗೇ ಹೋಗುತ್ತೆ. ಸುರಂಗದಿಂದ ಬಂದ ಫೋನಿಗೆ ಕ್ಯಾಮೆರಾದ 554 ಮಾತ್ರ ಸಿಗುತ್ತೆ, ಮತ್ತೇನೂ ಇಲ್ಲ. ಚಿತ್ರ ನೋಡಲು ವಿಎಲ್‌ಸಿ. ಬಾಡಿಗೆ ಸರ್ವರಿಗೆ ಯಾರಾದರೂ ನುಗ್ಗಿದರೆ ಅಲ್ಲಿ ಹಾದುಹೋಗುವ ವಿಡಿಯೊ ಅವರಿಗೆ ಕಾಣಬಹುದು, ಅದು ನಿಜ. ಆದರೆ ಆ ಸರ್ವರಿನ ಬೀಗ ನನ್ನ ಕೈಯಲ್ಲಿದೆ.

ಸಂರಚನೆ ಬರೆಯುವಾಗ ಒಂದು ಸಾಲಿಗೆ ಬಂದು ನಕ್ಕೆ. ಡಬ್ಬಿಯ ಹಿಂದೆ ಕೂತವರು ದಾರಿ ಮುಚ್ಚದ ಹಾಗೆ ಆಗಾಗ ಒಂದು ಖಾಲಿ ಪ್ಯಾಕೆಟ್ ಕಳಿಸುತ್ತಿರಬೇಕು. ವೈರ್‌ಗಾರ್ಡ್ ಹೇಳುವ ಅಂತರ 25 ಸೆಕೆಂಡ್. ಕ್ಯಾಮೆರಾ ಯಾರಿಗೋ ಕಿವಿಯಲ್ಲಿ ಊದುತ್ತಿದೆ ಅಂತ ಅನುಮಾನ ಪಟ್ಟ ಅದೇ ಮಿಡಿತ, ಈಗ ನನ್ನ ಪೆಟ್ಟಿಗೆಯಿಂದ.

ಬೆಂಗಳೂರಿಗೆ ಬಂದ ಮೂರನೇ ದಿನ ಊರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಆರು ಗಂಟೆ ಎಳೆದು ಮಲಗಿತು. ಬೆಳಗ್ಗೆ ಕರೆಂಟ್ ಬಂತು, ಫೈಬರ್ ಬಂತು, ಅಮ್ಮ ವಾಟ್ಸಾಪಲ್ಲಿ ಸಿಕ್ಕರು. ಸುರಂಗ ಮಾತ್ರ ಬರಲಿಲ್ಲ. ಪೈ ಆಫ್ ಮಾಡಿ ಆನ್ ಮಾಡಿಸಿದೆ. ಇಲ್ಲ.

ಕಾರಣ ಹಿಡಿಯಲು ಎರಡು ದಿನ ಬೇಕಾಯಿತು. ವೈರ್‌ಗಾರ್ಡಿನಲ್ಲಿ ಪ್ರತಿ ಕೈಕುಲುಕುವಿಕೆಯಲ್ಲೂ (ಎರಡು ಕಡೆಯವರು ಗುರುತು ಖಚಿತಪಡಿಸಿಕೊಳ್ಳುವ ಹಂತ) ಸಮಯದ ಮುದ್ರೆ ಇರುತ್ತೆ. ಸರ್ವರ್ ಹಿಂದಿನ ಮುದ್ರೆ ನೆನಪಿಟ್ಟುಕೊಳ್ಳುತ್ತೆ. ಅದಕ್ಕಿಂತ ಹಳೆ ಸಮಯದ ಮುದ್ರೆ ಬಂದರೆ, ಯಾರೋ ಹಳೆ ಪ್ಯಾಕೆಟ್ ಕದ್ದು ಮತ್ತೆ ಕಳಿಸುತ್ತಿದ್ದಾರೆ ಅಂತ ಉತ್ತರ ಕೊಡದೆ ಎಸೆಯುತ್ತೆ. ಪೈ 4ರಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟ್ ಹೋದರೆ, ಕೊನೆಗೆ ಬರೆದಿಟ್ಟುಕೊಂಡ ಸಮಯದಿಂದ ಏಳುತ್ತೆ. ಅದು ಹಳೆಯ ಸಮಯ. ಪರವಾಗಿಲ್ಲ, ಇಂಟರ್ನೆಟ್ ಇದ್ದರೆ ನಿಮಿಷದಲ್ಲಿ ಸರಿಮಾಡಿಕೊಳ್ಳುತ್ತೆ. ಆದರೆ ನಾನು ಅತಿಬುದ್ಧಿವಂತನ ಹಾಗೆ ಪೈಯ ಎಲ್ಲ ಮಾತೂ ಸುರಂಗದಲ್ಲೇ ಹೋಗಲಿ ಅಂತ ಬರೆದಿದ್ದೆ. ಸಮಯ ಕೇಳುವುದೂ ಸುರಂಗದಲ್ಲೇ. ಗಡಿಯಾರ ಸರಿ ಇಲ್ಲದೆ ಸುರಂಗ ತೆರೆಯುವುದಿಲ್ಲ, ಸುರಂಗ ತೆರೆಯದೆ ಗಡಿಯಾರ ಸರಿಯಾಗುವುದಿಲ್ಲ.

ವಾರಾಂತ್ಯಕ್ಕೆ ರಾತ್ರಿ ಬಸ್ ಹಿಡಿದೆ. ಜೇಬಿನಲ್ಲಿ ಡಿಎಸ್3231 ಅನ್ನುವ ಉಗುರಗಲದ ಗಡಿಯಾರ ಮಾಡ್ಯೂಲ್, ಗುಂಡಿ ಬ್ಯಾಟರಿ ಸಮೇತ. ಪೈಯ ನಾಲ್ಕು ಪಿನ್ನಿಗೆ ಸಿಕ್ಕಿಸಿ, ಮಾಡ್ಯೂಲ್ ಜತೆ ಮಾತಾಡಲು ಐ2ಸಿ ಆನ್ ಮಾಡಿದೆ. ಸುರಂಗಕ್ಕೆ ಫೋನುಗಳ ವಿಳಾಸ ಮಾತ್ರ ಬಿಟ್ಟೆ, ಉಳಿದದ್ದೆಲ್ಲ ನೇರ ದಾರಿ. ಮೇನ್ ಸ್ವಿಚ್ ಮೂರು ಸಲ ಆಫ್-ಆನ್ ಮಾಡಿ ನೋಡಿದೆ. ಮೂರೂ ಸಲ ಬಂತು. ಮೂರನೇ ಸಲಕ್ಕೆ ಅಮ್ಮನ ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿತ್ತು, ಅದರ ಬಗ್ಗೆ ಬೇರೆ ಮಾತು ಬೇಡ.

ಎಚ್ಚರಿಕೆ ಗಂಟೆ

ಪೈಯಲ್ಲಿ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ತುಣುಕು ಇದೆ. ಕ್ಯಾಮೆರಾ ಹೊಸ ಸರ್ವರ್ ಹೆಸರು ಯಾವುದನ್ನಾದರೂ ಕೇಳಿದರೆ ನನ್ನ ಟೆಲಿಗ್ರಾಂಗೆ ಸಂದೇಶ. ಮೊದಲ ರಾತ್ರಿ 212 ಸಂದೇಶ ಬಂತು. ಕಂಪನಿಯ ಸರ್ವರ್ ಹೆಸರುಗಳ ಮುಂದೆ ಪ್ರತಿ ಸಲ ಬೇರೆ ಅಂಕಿ ಇರುತ್ತಿತ್ತು, ನನ್ನ ತುಣುಕಿಗೆ ಪ್ರತಿಯೊಂದೂ ಹೊಸದೇ. ಹೆಸರಿನ ಕೊನೆಯ ಎರಡು ಭಾಗ ಮಾತ್ರ ಹೋಲಿಸಿ, ಒಂದು ಹೆಸರಿಗೆ ದಿನಕ್ಕೆ ಒಂದೇ ಸಂದೇಶ ಅಂತ ಮಾಡಿದೆ. ಈಗ ವಾರಕ್ಕೆ ಒಂದು ಬಂದರೆ ಹೆಚ್ಚು.

ಪೆಟ್ಟಿಗೆಯೇ ಸತ್ತರೆ ಸಂದೇಶ ಕಳಿಸುವವರು ಯಾರು? ಅದನ್ನು ಬಾಡಿಗೆ ಸರ್ವರಿಗೆ ಒಪ್ಪಿಸಿದೆ. ವೈರ್‌ಗಾರ್ಡ್ ಸುಮಾರು ಎರಡು ನಿಮಿಷಕ್ಕೊಮ್ಮೆ ಹೊಸದಾಗಿ ಕೈಕುಲುಕುತ್ತೆ. ಕೊನೆಯ ಕೈಕುಲುಕು ಹತ್ತು ನಿಮಿಷಕ್ಕಿಂತ ಹಳೆಯದಾದರೆ ಸರ್ವರ್ ನನಗೆ ಹೇಳುತ್ತೆ. ಬೇರೆ ಏನೂ ಬರೆಯಬೇಕಾಗಿಲ್ಲ. ಈ ತನಕ ಬಂದ ಸಂದೇಶಗಳೆಲ್ಲ ಕರೆಂಟು ಇಲ್ಲವೇ ಫೈಬರ್ ಕಡಿತದ್ದೇ. "ಕರೆಂಟ್ ಹೋಗಿ ಎಷ್ಟು ಹೊತ್ತಾಯ್ತೋ?" ಅಂತ ಅಮ್ಮ ಈಗ ಬೆಂಗಳೂರಿಗೆ ಫೋನ್ ಮಾಡಿ ಕೇಳುತ್ತಾರೆ.

ಹೊರಡುವ ದಿನ ಸಂಜೆ ಪಂಪ್‌ಹೌಸ್ ಕಡೆ ಹೋಗಿದ್ದೆ. ಪಟ್ಟಿಯಿಂದ ಬಿಟ್ಟಿದ್ದ ಆ ಮೊಬೈಲ್ ಸ್ಟಾರ್ಟರ್ ನೆನಪಾಯಿತು. ಅದರ ಸಿಮ್ಮಿಗೆ ಕರೆ ಮಾಡಿ 1 ಒತ್ತಿದರೆ ಮೋಟರ್ ಆನ್. ಯಾವ ಯಾವ ನಂಬರಿಗೆ ಒಪ್ಪಿಗೆ ಇದೆ ಅಂತ ಕೇಳಿದೆ. "ಅಪ್ಪಯ್ಯನದು ಮಾತ್ರ ಇರ್ಬೇಕು" ಅಂದರು ಅಮ್ಮ. ಗುಡ್ಡ ಹತ್ತಿ, ಅದು ಎಂದೂ ಕಾಣದ ನನ್ನ ಆಫೀಸ್ ನಂಬರಿನಿಂದ ಕರೆ ಮಾಡಿ 1 ಒತ್ತಿದೆ.

ಕೆಳಗೆ ತೋಟದಲ್ಲಿ ಮೋಟರ್ ಗುಂಯ್ ಅಂದಿತು. ಸ್ವಲ್ಪ ಹೊತ್ತಿಗೆ ಅಪ್ಪಯ್ಯ ಪಂಚೆ ಎತ್ತಿಕಟ್ಟಿಕೊಂಡು ಪಂಪ್‌ಹೌಸ್ ಕಡೆ ಓಡುವುದು ಕಾಣಿಸಿತು. ಅವರು ಆವತ್ತೇ ಮಧ್ಯಾಹ್ನ ಪೈಪಿನ ಜಾಯಿಂಟ್ ಬಿಚ್ಚಿಟ್ಟಿದ್ದರು.